ಸುಣ್ಣ ತುಳಿದು ಬಂದ ಮಾತುಗಳು

ನಮ್ಮ ಮನೆಯಲ್ಲಿ ಯಾರನ್ನೂ ಒಂದೇ ಸಲಕ್ಕೆ ನಂಬುವ ಪದ್ಧತಿ ಇರಲಿಲ್ಲ. ಇದಕ್ಕೆ ನಾನು ರೇಷ್ಮೆ ಹುಳುಗಳನ್ನು ದೂರುತ್ತೇನೆ. ರಾಮನಗರಕ್ಕೂ ಬಿಡದಿಗೂ ನಡುವೆ, ಹೆದ್ದಾರಿಯಿಂದ ಒಳಗೆ ಸರಿದ ಊರು ನಮ್ಮದು. ಉದ್ದನೆಯ ಹೆಂಚಿನ ಮನೆ. ಅದರಲ್ಲಿ ಅರ್ಧ ನಮಗೆ, ಅರ್ಧ ಹುಳುಗಳಿಗೆ. ಅರ್ಧ ಎನ್ನುವುದು ಮರ್ಯಾದೆಗೆ ಹೇಳುವ ಮಾತು, ಗಾಳಿ ಬೆಳಕು ಚೆನ್ನಾಗಿದ್ದ ಕೋಣೆಗಳೆಲ್ಲ ಅವುಗಳ ಪಾಲಿಗೇ ಹೋಗಿದ್ದವು. ಹುಳ ಬಲು ಸೂಕ್ಷ್ಮ. ಊದುಬತ್ತಿಯ ಹೊಗೆ, ಪೌಡರಿನ ವಾಸನೆ, ಒಗ್ಗರಣೆಯ ಘಾಟು ಯಾವುದೂ ಆಗಿಬರುವುದಿಲ್ಲ. ಬೇರೆಯವರ ಹುಳದ ಮನೆಯಿಂದ ಯಾರಾದರೂ ಕಾಲಲ್ಲಿ ರೋಗ ಹೊತ್ತು ತಂದರೆ ಬೆಳೆಯೇ ಹೋಯಿತು. ಆದ್ದರಿಂದ ಹುಳದ ಮನೆಯ ಬಾಗಿಲಲ್ಲಿ ಗೋಣಿತಾಟು ಹಾಸಿ, ಅದರ ಮೇಲೆ ಸುಣ್ಣದ ಪುಡಿ ಉದುರಿಸಿರುತ್ತಿದ್ದರು. ಅದನ್ನು ತುಳಿಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಆ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನನ್ನ ಅಜ್ಜಿ ಚಿಕ್ಕತಾಯಮ್ಮ ಕೂತಿರುತ್ತಿದ್ದಳು. ಬಂದವರನ್ನು ಅವಳು ಮೊದಲು ಮೂಸುತ್ತಿದ್ದಳು, ಆಮೇಲೆ ಮಾತಾಡಿಸುತ್ತಿದ್ದಳು. ಎಲ್ಲಿಂದ ಬಂದೆ, ದಾರಿಯಲ್ಲಿ ಯಾರ ಮನೆ ಹೊಕ್ಕಿದ್ದೆ, ಅವರ ಹುಳ ಹೇಗಿವೆ ಎಂಬ ವಿಚಾರಣೆ ಮುಗಿಯಬೇಕು. ಸ್ವಂತ ತಮ್ಮ ಮಲ್ಲಿಗೆ ಎಣ್ಣೆ ಹಚ್ಚಿಕೊಂಡು ಬಂದನೆಂದು ಅವನಿಗೆ ಜಗಲಿಯ ಮೇಲೇ ಊಟ ಹಾಕಿಸಿ ಕಳಿಸಿದವಳು ಅವಳು.

ನಾನು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಹೆದ್ದಾರಿಯ ಮಗ್ಗುಲಿಗೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಅವುಗಳ ಹೊಗೆ ನಮ್ಮೂರಿಗೆ ಬರಲಿಲ್ಲ, ಮಾತು ಬಂತು. ಶಿಫ್ಟು, ಗೇಟ್‌ಪಾಸು, ಹೆಲ್ಪರು, ಪರ್ಮನೆಂಟು. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ಈ ಮಾತುಗಳನ್ನು ಬಾಯಲ್ಲಿ ಹೊರಳಿಸುತ್ತಿದ್ದರು. ಅಪ್ಪ ಸಂತೆಯಿಂದ ಸೌತೆಕಾಯಿ ತಂದಷ್ಟೇ ಸಲೀಸಾಗಿ ಅವನ್ನು ಮನೆಗೆ ತರುತ್ತಿದ್ದ. ಅಜ್ಜಿ ಅವನ್ನೂ ಬಾಗಿಲಲ್ಲೇ ತಡೆಯುತ್ತಿದ್ದಳು.

“ಅದೇನ್ಲಾ ಅದು, ಜಾಬು? ಕೆಲ್ಸ ಅನ್ನಾಕೆ ನಿನ್ ಬಾಯ್ಗೇನಾಗೈತೆ?”

“ಎಲ್ರೂ ಹಂಗೇ ಅಂತಾರೆ ಕಣವ್ವ.”

“ಎಲ್ರೂ ಅಂತಾರೆ. ಆ ಮಾತಿನ ತೌರು ಯಾವ್ದು ಅಂತ ಯಾರಾರ ಕೇಳವ್ರಾ?”

ಮಾತಿಗೂ ತೌರು ಇರುತ್ತದೆ ಎನ್ನುವುದು ಅವಳ ಖಚಿತ ಅಭಿಪ್ರಾಯ. ಹೆಣ್ಣು ತರುವಾಗ ಊರು ಯಾವುದು, ಮನೆತನ ಎಂಥದು, ಹಿಂದಿನವರು ಹೇಗೆ ಬಾಳಿದರು ಎಂದು ನಾಲ್ಕು ಕಡೆ ವಿಚಾರಿಸುತ್ತೇವೆ. ಹಾಗಿರುವಾಗ ದಾರಿಯಲ್ಲಿ ಹೋಗುವ ಮಾತನ್ನು ಮಾತ್ರ ಏನೂ ಕೇಳದೆ ಮನೆ ತುಂಬಿಸಿಕೊಳ್ಳಬೇಕೇ? ಅಪ್ಪ ನಗುತ್ತಿದ್ದ. ಅಜ್ಜಿ ನಗುತ್ತಿರಲಿಲ್ಲ.

ಈ ವಿಚಾರಣೆಗೆ ಬೇಕಾದ ಸಾಮಾನು ಮನೆಗೆ ಬಂದದ್ದು ಭಾಗ್ಯತ್ತೆಯ ಟ್ರಂಕಿನಲ್ಲಿ. ಭಾಗ್ಯತ್ತೆ ಅಪ್ಪನ ತಂಗಿ. ಪಿಯುಸಿ ಓದಿ, ಮಾಗಡಿ ಕಡೆಗೆ ಮದುವೆಯಾಗಿ ಹೋಗಿದ್ದವಳು ಒಂದು ದಿನ ಟ್ರಂಕಿನ ಸಮೇತ ವಾಪಸು ಬಂದಳು. ಯಾಕೆಂದು ನನಗೆ ಯಾರೂ ಹೇಳಲಿಲ್ಲ. ಆ ಮನೆಯ ಮಾತೆತ್ತಿದರೆ ಅಪ್ಪ ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋಗಿಬಿಡುತ್ತಿದ್ದ, ಅಷ್ಟು ಗೊತ್ತು. ಟ್ರಂಕಿನಲ್ಲಿ ನಾಲ್ಕು ಸೀರೆಯ ಅಡಿಯಲ್ಲಿ ರಟ್ಟು ಕಿತ್ತುಹೋದ ದಪ್ಪನೆಯ ಇಂಗ್ಲಿಷ್ ನಿಘಂಟು ಇತ್ತು. ಓದುವ ದಿನಗಳಲ್ಲಿ ಅತ್ತೆ ಚನ್ನಪಟ್ಟಣದ ಹಳೇ ಪುಸ್ತಕದ ಅಂಗಡಿಯಲ್ಲಿ ಆಸೆಪಟ್ಟು ಕೊಂಡದ್ದು. ಪ್ರತಿ ಪದದ ಅರ್ಥ ಮುಗಿದ ಮೇಲೆ, ಸಣ್ಣ ಅಕ್ಷರದಲ್ಲಿ, ಆ ಪದ ಎಲ್ಲಿಂದ ಬಂತೆಂದು ಬರೆದಿರುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಅವಳೇ. ಹುಳಕ್ಕೆ ಸಂಜೆಯ ಸೊಪ್ಪು ಹಾಕಿ ಮುಗಿಸಿ ನಾವಿಬ್ಬರೂ ಜಗಲಿಯಲ್ಲಿ ಆ ಪುಸ್ತಕ ಬಿಚ್ಚಿ ಕೂರುತ್ತಿದ್ದೆವು. ನಾನು ಅಕ್ಷರ ಕೂಡಿಸಿ ಓದುವುದು, ಅತ್ತೆ ಕನ್ನಡದಲ್ಲಿ ಹೇಳುವುದು, ಅಜ್ಜಿ ತೀರ್ಪು ಕೊಡುವುದು.

ಬಸ್ಸು ಮೊದಲ ದಿನವೇ ಪಾಸಾಯಿತು. ಅದು ‘ಎಲ್ಲರಿಗೂ’ ಎಂಬ ಅರ್ಥದ ಹಳೆಯ ಪದವೊಂದರ ಬಾಲ ಎಂದು ತಿಳಿದಾಗ ಅಜ್ಜಿ ತಲೆಯಾಡಿಸಿದಳು. ಒಳ್ಳೇ ಮನೆತನದ್ದು, ಇರಲಿ ಎಂದಳು. ಜಾಬಿನ ಮುಂದೆ ‘ಮೂಲ ತಿಳಿಯದು’ ಎಂದಿತ್ತು. ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪ ಬರುವವರೆಗೂ ಕಾದು ಕೂತಳು.

“ನೋಡ್ಲಾ, ತೌರೇ ಇಲ್ವಂತೆ ನಿನ್ ಜಾಬಿಗೆ. ಬರ್ದೋರ್ಗೇ ಗೊತ್ತಿಲ್ವಂತೆ.”

ಹೀಗೆ ಬೆಳೆದ ಮಗು ಮುಂದೆ ಏನಾದೀತು? ನಾನು ಈಗ ಚನ್ನಪಟ್ಟಣದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಯಾರಾದರೂ ಹೊಸದೊಂದು ಮಾತನ್ನು ಚೆನ್ನಾಗಿ ಇಸ್ತ್ರಿ ಮಾಡಿಕೊಂಡು ಬಂದು ಎದುರು ನಿಂತರೆ ನನ್ನ ಮೂಗು ತಾನಾಗಿ ಅರಳುತ್ತದೆ. ಸುಣ್ಣ ತುಳಿದು ಬಾ ಎಂದು ಒಳಗಿನಿಂದ ಯಾರೋ ಹೇಳುತ್ತಾರೆ.

ಮನೆಯ ಊಟದ ಬಗ್ಗೆ ಇಲ್ಲಿ ಹೇಳಬೇಕು. ನಡುಮನೆಯಲ್ಲಿ ಮೊದಲು ಅಪ್ಪ, ನಾನು, ನನ್ನ ತಮ್ಮ, ಬಂದ ಗಂಡಸರು ಯಾರಾದರೂ ಇದ್ದರೆ ಅವರು. ಆಮೇಲೆ ಅಜ್ಜಿ ಮತ್ತು ಅವ್ವ, ಅಡುಗೆಮನೆಯ ಬಾಗಿಲ ಹತ್ತಿರ ಎದುರುಬದುರು ಕೂತು. ಅವ್ವ ಸೊಸೆಯಾದರೂ ಇಬ್ಬರಿಗೂ ಒಂದೇ ಚೊಂಬಿನ ನೀರು. ಭಾಗ್ಯತ್ತೆ ಹುಳಕ್ಕೆ ಕೊನೆಯ ಸೊಪ್ಪು ಹಾಕಿ, ಕೈಕಾಲು ತೊಳೆದು ಬರುವ ಹೊತ್ತಿಗೆ ಎಲ್ಲರೂ ಎದ್ದಿರುತ್ತಿದ್ದರು. ಅವಳು ಒರಳುಕಲ್ಲಿನ ಪಕ್ಕ ಗೋಡೆಗೆ ಮುಖ ಮಾಡಿ ಕೂತು ತಣ್ಣಗಾದ ಮುದ್ದೆ ಮುರಿಯುತ್ತಿದ್ದಳು. ಹೀಗೇ ಆಗಬೇಕೆಂದು ಯಾರೂ ಅಂದವರಲ್ಲ. ಮೊದಲ ಬೆಳೆಗೆ ಹಾಗಾಯಿತು, ಎರಡನೆಯದಕ್ಕೂ ಆಯಿತು, ಆಮೇಲೆ ಹುಳ ಇಲ್ಲದ ದಿನಗಳಲ್ಲೂ ಅದೇ ರೂಢಿಯಾಯಿತು. ಅಜ್ಜಿ ಕೈ ತೊಳೆದು ಜಗಲಿಗೆ ಬರುವ ಹೊತ್ತಿಗೆ ಸರಿಯಾಗಿ ಎದುರು ಮನೆಯ ಕೆಂಪಮ್ಮ ತನ್ನ ಬಾಗಿಲಿಂದ ಕೂಗುತ್ತಿದ್ದಳು.

“ಊಟ ಆಯ್ತಾ ತಾಯಮ್ಮಾ?”

“ಎಲ್ಲಾರ್ದೂ ಆಯ್ತು ಕಣವ್ವ, ನಿಮ್ದು?”

ಒಳಗೆ ಅತ್ತೆ ಆಗಿನ್ನೂ ತಟ್ಟೆ ತೊಳೆದು ಬಡಿಸಿಕೊಳ್ಳುತ್ತಿರುತ್ತಿದ್ದಳು.

ಕೆಂಪಮ್ಮನ ಸೊಸೆ ಗೌರಿ ನಮ್ಮ ಬೀದಿಯಿಂದ ಗಾರ್ಮೆಂಟ್ಸಿಗೆ ಹೋದ ಮೊದಲನೆಯವಳು. ಬೆಳಿಗ್ಗೆ ಊರ ಬಾಗಿಲಿಗೆ ವ್ಯಾನ್ ಬರುತ್ತಿತ್ತು, ಸಂಜೆ ತಂದು ಇಳಿಸುತ್ತಿತ್ತು. ಗೌರಿ ಡಬ್ಬಿ ಹಿಡಿದು ಹೋಗುವುದನ್ನು ಭಾಗ್ಯತ್ತೆ ಕೊಟ್ಟಿಗೆಯ ಸಂದಿಯಿಂದ ನೋಡುತ್ತಿದ್ದಳು, ಅವಳು ನೋಡುವುದನ್ನು ಅಜ್ಜಿ ನೋಡುತ್ತಿದ್ದಳು. ಒಂದು ಭಾನುವಾರ ಲೋಕೇಶ ಎಂಬ ಸೂಪರ್‌ವೈಸರ್ ನಮ್ಮ ಮನೆಗೇ ಬಂದ. ಊರೂರಿಗೆ ಹೋಗಿ ಹೆಂಗಸರನ್ನು ಕೆಲಸಕ್ಕೆ ಕರೆಯುವುದೂ ಅವನ ಪಾಲಿಗಿತ್ತಂತೆ. ಗೌರಿಯ ಮೂಲಕ ಅವನಿಗೆ ಹೇಳಿ ಕಳಿಸಿದವಳು ಭಾಗ್ಯತ್ತೆಯೇ ಎನ್ನುವುದು ಆಮೇಲೆ ಗೊತ್ತಾಯಿತು. ಒಳ್ಳೆಯ ಪ್ಯಾಂಟು ಶರಟು, ನಮ್ಮದೇ ಸೀಮೆಯ ವಿರೂಪಾಕ್ಷಿಪುರದ ಕಡೆಯ ಮಾತು, ನಗುಮುಖ. ಅಜ್ಜಿ ಅವನನ್ನು ಮೂಸಿ, ಸೆಂಟು ಎಂದು ಜಗಲಿಯಲ್ಲೇ ಕೂರಿಸಿದಳು. ಅವನು ತಮ್ಮ ಕಂಪನಿ, ಕ್ಯಾಂಟೀನು, ದಿನದ ಟಾರ್ಗೆಟು ಎಂದು ಹೇಳುತ್ತಾ ಹೋದ. ಅವ್ವ ಊಟಕ್ಕೆ ಏಳಿ ಎಂದಾಗ, ಬಿಡದಿಯಲ್ಲಿ ಈಗ ತಾನೆ ತಟ್ಟೆ ಇಡ್ಲಿ ತಿಂದು ಬಂದೆ ಎಂದು ಕೈ ಮುಗಿದ. ಮುಂದಿನ ಭಾನುವಾರ ಮತ್ತೆ ಬರುತ್ತೇನೆ ಎಂದು ಹೊರಟ.

“ಉಣ್ಣೋ ಹೊತ್ನಾಗೆ ಬಂದು ಉಣ್ದೆ ಹೋದೋನ್ನ ನಾನ್ ನಂಬಾಕಿಲ್ಲ,” ಎಂದಳು ಅಜ್ಜಿ.

ಭಾಗ್ಯತ್ತೆಗೆ ಆ ಕೆಲಸ ಎಷ್ಟು ಬೇಕಿತ್ತೆಂದು ಆ ವಾರ ನನಗೆ ಗೊತ್ತಾಯಿತು. ಸೊಪ್ಪು ಕತ್ತರಿಸುವಾಗ ಅವಳ ಕೈ ನಿಂತು ನಿಂತು ಹೋಗುತ್ತಿತ್ತು. “ಅಣ್ಣ ಹಾಕೋ ಅನ್ನ ಎಷ್ಟ್ ದಿನ ಉಣ್ಲಿ ಮಂಜಿ?” ಎಂದು ನನ್ನನ್ನು ಕೇಳಿದಳು. ಅಪ್ಪನಿಗೆ ಕಳಿಸುವ ಮನಸ್ಸಿತ್ತು, ಊರು ಏನನ್ನುತ್ತದೋ ಎಂಬ ಅಳುಕೂ ಇತ್ತು. ಅವ್ವ, ತಾನು ಹೇಳಿದರೆ ನಾದಿನಿಯನ್ನು ಹೊರಗೆ ಅಟ್ಟಿದ ಅತ್ತಿಗೆ ಎಂದಾಗುತ್ತದೆಂದು ಬಾಯಿ ಬಿಡಲಿಲ್ಲ. ಕೊನೆಗೆ ಎಲ್ಲವೂ ಬಂದು ನಿಂತದ್ದು ಅಜ್ಜಿಯ ಮೇಲೆ, ಅಜ್ಜಿ ನಿಂತದ್ದು ಲೋಕೇಶ ಬಿಟ್ಟು ಹೋದ ಮಾತುಗಳ ಮೇಲೆ.

ಆದರೆ ಈ ಸಲ ಅವಳಿಗೆ ಮಗಳ ಮೇಲೂ ಗುಮಾನಿ. ಪುಸ್ತಕ ಭಾಗ್ಯಳದು, ಅರ್ಥ ಹೇಳುವವಳು ಭಾಗ್ಯ, ಹೋಗಬೇಕೆನ್ನುವವಳೂ ಭಾಗ್ಯ. ಕಳ್ಳನ ಕೈಗೆ ಕೀಲಿ ಕೊಟ್ಟಂತಾಗುತ್ತದೆ ಎಂದು ಅವಳು ಅತ್ತೆಯನ್ನು ತೋಟಕ್ಕೆ ಅಟ್ಟಿದಳು. ನಾನು ಶಾಲೆಯ ಪುಟ್ಟ ಇಂಗ್ಲಿಷ್-ಕನ್ನಡ ಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬಳೇ ಬೆವರುತ್ತಾ ಓದಿದೆ. ಸಂಜೆ ಅತ್ತೆ ಬಂದ ಮೇಲೆ ಅಜ್ಜಿ ಅವಳನ್ನು ಬೇರೆ ಕರೆದು ಅದೇ ಪದಗಳನ್ನು ಕೇಳಿದಳು. ಪೊಲೀಸ್ ಠಾಣೆಯಲ್ಲಿ ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸುತ್ತಾರಲ್ಲ, ಹಾಗೆ. ನಮ್ಮಿಬ್ಬರ ಹೇಳಿಕೆ ತಾಳೆಯಾಯಿತು. ಅವಳಿಗೆ ಅದರಿಂದಲೂ ಸಮಾಧಾನ ಆಗಲಿಲ್ಲ. ನಾವು ಮೊದಲೇ ಮಾತಾಡಿಕೊಂಡಿದ್ದೇವೆ ಎಂದಳು!

ಸೂಪರ್‌ವೈಸರ್ ಎಂದರೆ ಮೇಲಿನಿಂದ ನೋಡುವವನು. “ಮ್ಯಾಲಿಂದ ನೋಡೋದು ಹದ್ದು,” ಎಂದಳು. ಕ್ಯಾಂಟೀನು ಎಂಬ ಮಾತಿನ ಹಿಂದಿನವರು ನೆಲಮಾಳಿಗೆಯವರು. ಬೆಳಕಿಲ್ಲದ ಕಡೆ ಕೂರಿಸಿ ಊಟ ಹಾಕುತ್ತಾರೇನೋ ಎಂದು ಅನುಮಾನಪಟ್ಟಳು. ಟಾರ್ಗೆಟ್ ಒಂದಾನೊಂದು ಕಾಲದಲ್ಲಿ ಸಣ್ಣ ಗುರಾಣಿಯಾಗಿತ್ತಂತೆ. “ಗುರಾಣಿ ಹಿಡ್ಕಂಡೋನು ಹೊಡ್ಯಾಕಿಲ್ಲ, ಹೊಡೆಸ್ಕತಾನೆ. ಏಟು ಯಾರ್ಗೆ ಬೀಳೋದು ಅಂತ ತಿಳೀತಾ?” ಎಂದು ನನ್ನನ್ನೇ ಗದರಿದಳು. ನಾನೇ ಆ ಪದ ಹುಟ್ಟಿಸಿದವಳೇನೋ ಎನ್ನುವ ಹಾಗೆ. ಕಡೆಗೆ ಉಳಿದದ್ದು ಕಂಪನಿ. ಅದನ್ನು ನಾನು ಎರಡು ಸಲ ಓದಬೇಕಾಯಿತು. ‘ಜೊತೆಗೆ’ ಎಂಬ ಒಂದು ಮಾತು, ‘ರೊಟ್ಟಿ’ ಎಂಬ ಒಂದು ಮಾತು, ಎರಡೂ ಕೂಡಿ ಅದಾಗಿದೆ.

“ಹಂಗಂದ್ರೆ?”

“ಒಟ್ಟಿಗೆ ಕೂತು ರೊಟ್ಟಿ ತಿನ್ನೋರು, ಅಜ್ಜಿ.”

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ನಿಲ್ಲಿಸಿದಳು. ನನ್ನ ಬಾಯಿಂದ ಇನ್ನೊಂದು ಸಲ ಹೇಳಿಸಿದಳು. ಆಮೇಲೆ, ಬರಲಿ ಆ ಭಾನುವಾರ ಎಂದಳು. ಅವಳ ದನಿಯಲ್ಲಿ ಉಪಾಯ ಹೂಡಿದವರ ನೆಮ್ಮದಿ ಇತ್ತು. ತೋಟದಿಂದ ಬಂದ ಅತ್ತೆ ಅದನ್ನು ಕೇಳಿ ಹೆದರಿಕೊಂಡಳು.

ಭಾನುವಾರ ಲೋಕೇಶ ಬಂದ. ಸೆಂಟು ಹಾಕಿರಲಿಲ್ಲ, ಹೋದ ಸಲದ ಪಾಠ ಕಲಿತಿದ್ದ. ಅಜ್ಜಿ ಈ ಸಲ ನೆಪ ಹೇಳಲು ಬಿಡಲಿಲ್ಲ. ಕೈ ಹಿಡಿದುಕೊಂಡೇ ನಡುಮನೆಗೆ ಕರೆದು ಅಪ್ಪನ ಪಕ್ಕ ಕೂರಿಸಿದಳು. ಬಿಸಿ ಮುದ್ದೆ, ಅವರೆಕಾಳಿನ ಬಸ್ಸಾರು. ಭಾಗ್ಯತ್ತೆ ಬಡಿಸುತ್ತಿದ್ದಳು. ಲೋಕೇಶ ಮುದ್ದೆಯನ್ನು ಹದವಾಗಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ. ಅಗಿದಿದ್ದರೆ ಅವತ್ತೇ ವಿಚಾರಣೆ ಮುಗಿದುಹೋಗುತ್ತಿತ್ತು. ಅಜ್ಜಿ ಎದುರಿನ ಕಂಬಕ್ಕೆ ಒರಗಿ ಅವನ ಒಂದೊಂದು ತುತ್ತನ್ನೂ ನೋಡುತ್ತಾ ಕೂತಿದ್ದಳು. ಎರಡನೇ ಮುದ್ದೆ ಬಿದ್ದ ಮೇಲೆ ಕೇಳಿದಳು.

“ಅಪ್ಪಾ, ಅಲ್ಲಿ ನೀನು ಈ ಹೆಣ್ಮಕ್ಳ ಜೊತೇಲಿ ಕೂತು ಉಣ್ತೀಯಾ?”

ಲೋಕೇಶ ಅಪ್ಪನ ಮುಖ ನೋಡಿದ. ಅಪ್ಪ ತನ್ನ ತಟ್ಟೆ ನೋಡಿದ.

“ಇಲ್ಲ ಅಜ್ಜಿ. ಆಫೀಸ್ನೋರ್ಗೆ ಬ್ಯಾರೆ ರೂಮೈತೆ.”

“ನಿಮ್ ಸಾವ್ಕಾರ್ರು?”

“ಅವ್ರು ಬರೋದೇ ಅಪ್ರೂಪ ಅಜ್ಜಿ. ಬಂದ್ರೂ ಅಲ್ಲಿ ಉಣ್ಣಾಕಿಲ್ಲ.”

“ಜೊತೇಲಿ ಉಣ್ಣಾಕಿಲ್ಲ ಅಂದ್ಮ್ಯಾಲೆ ಕಂಪ್ನಿ ಅಂತ ಬೋರ್ಡ್ ಯಾಕಪ್ಪಾ ಹಾಕವ್ರೆ?”

ಅವನಿಗೆ ಏನೂ ಅರ್ಥವಾಗಲಿಲ್ಲ. ಪಾಪ, ಅವನಿಗೆ ಹೇಗೆ ಅರ್ಥವಾದೀತು? ಬೋರ್ಡು ಬರೆಸಿದವರಿಗೂ ಅರ್ಥವಾಗಿರಲಾರದು. ಅಜ್ಜಿ ಅವನಿಗೆ ಸಾರು ಹಾಕುವಂತೆ ಕೈಸನ್ನೆ ಮಾಡಿದಳು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ.

“ನಿನ್ ಮ್ಯಾಲೆ ನಂಗೇನು ಕ್ವಾಪ ಇಲ್ಲ, ಹೊಟ್ಟೆ ತುಂಬ ಉಣ್ಣು. ನನ್ ಮಗ್ಳು ಬರಾಕಿಲ್ಲ. ಬ್ಯಾರೆ ಕೂತು ಉಣ್ಣೋರ ಕೈಕೆಳಗೆ ಅವ್ಳು ದುಡಿಯೋದ್ ಬ್ಯಾಡ.”

ಅವ್ವ ಒಳಗೆ ಪಾತ್ರೆ ಸರಿಸಿದ ಸದ್ದಾಯಿತು. ಭಾಗ್ಯತ್ತೆ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟಳು. ಸೌಟು ಮಾತ್ರ ಕೈಯಲ್ಲೇ ಉಳಿದಿತ್ತು.

“ಅವ್ವ, ಈ ಮನೇಲಿ ನಾನು ಯಾರ್ ಜೊತೇಲಿ ಕೂತು ಉಣ್ತೀನಿ?”

ಎಷ್ಟು ಮೆಲ್ಲಗೆ ಕೇಳಿದಳೆಂದರೆ, ಅಜ್ಜಿ ‘ಆಂ?’ ಎನ್ನಬೇಕಾಯಿತು. ಅತ್ತೆ ಎರಡನೇ ಸಲ ಕೇಳಲಿಲ್ಲ. ಅಡುಗೆಮನೆಯ ಒಳಗೆ, ಒರಳುಕಲ್ಲಿನ ಕಡೆ ಸೌಟು ತೋರಿಸಿದಳು.

“ಅಲ್ಲಿ. ಆ ಕಲ್ಲಿನ ಜೊತೇಲಿ. ನಾನು ಈ ಮನೇಗೆ ವಾಪಸ್ ಬಂದಾಗ್ಲಿಂದ. ನೀನು ದಿನಾ ಕೆಂಪಮ್ಮಂಗೆ ಎಲ್ಲಾರ್ದೂ ಆಯ್ತು ಅಂತೀಯ, ನಾನು ಒಳಗೆ ಕೇಳಿಸ್ಕತೀನಿ. ಅವ್ರು ಮ್ಯಾಲಿಂದಾದ್ರೂ ನೋಡ್ಲಿ, ಪಕ್ಕದಿಂದಾದ್ರೂ ನೋಡ್ಲಿ, ನಂಗೇನು? ಗೌರಿ ಹೇಳ್ತಾಳೆ, ಮಧ್ಯಾನ್ನ ಬೆಲ್ ಹೊಡುದ್ರೆ ಹೆಂಗಸ್ರೆಲ್ಲ ಸುತ್ತ ಕೂತ್ಕಂಡು ಡಬ್ಬಿ ಬಿಚ್ತಾರಂತೆ. ಯಾರ್ ಎಸ್ರು ಯಾರ್ ತಟ್ಟೆಗೋಯ್ತು ಅಂತಾನೇ ಗೊತ್ತಾಗಾಕಿಲ್ವಂತೆ. ಆ ಮಾತಿನ ತೌರು ನಂಗೂ ಗೊತ್ತು ಕಣವ್ವ. ಆ ಪುಸ್ತ್ಕ ನಂದೇ.”

ನಮ್ಮ ಮನೆಯಲ್ಲಿ ಅಜ್ಜಿಗೆ ಎದುರುತ್ತರ ಕೊಟ್ಟವರನ್ನು ನಾನು ನೋಡಿರಲಿಲ್ಲ. ಸಿಡಿಲು ಬೀಳುತ್ತದೆ ಎಂದು ಕಾದೆ. ಅಜ್ಜಿ ಎದ್ದಳು, ಮಂಡಿ ಹಿಡಿದು ನಿಧಾನಕ್ಕೆ, ಹುಳದ ಮನೆಯ ಕಡೆ ನಡೆದಳು. ಸುಣ್ಣ ತುಳಿಯುವುದನ್ನು ಅವಳು ಮರೆತದ್ದು ಅದೊಂದೇ ಸಲ. ಲೋಕೇಶ ಎಲ್ಲಿ ಕೈ ತೊಳೆಯಬೇಕೆಂದು ತಿಳಿಯದೆ ಎಂಜಲ ಕೈಯಲ್ಲೇ ಕೂತಿದ್ದ.

ಅವತ್ತಿನಿಂದ ನನ್ನ ಅನುಮಾನ ದಿಕ್ಕು ಬದಲಾಯಿಸಿತು. ಅಲ್ಲಿಯವರೆಗೆ ಹೆದ್ದಾರಿಯ ಕಡೆಯಿಂದ ಬರುವ ಮಾತುಗಳನ್ನಷ್ಟೇ ತಡೆದು ನಿಲ್ಲಿಸುತ್ತಿದ್ದೆವು. ಮನೆಯಲ್ಲೇ ಹುಟ್ಟಿ ಬೆಳೆದ ಮಾತುಗಳನ್ನು ಯಾರು ಮೂಸಿ ನೋಡಿದ್ದರು? ಎಲ್ಲಾರೂ, ನಮ್ಮೋರು, ಊಟ ಆಯ್ತು. ಇವುಗಳ ತೌರು ನಮ್ಮದೇ ಅಡುಗೆಮನೆ, ಆದ್ದರಿಂದ ಪರೀಕ್ಷೆಯೇ ಇಲ್ಲ. ದಿನವೂ ಆ ಮಾತನ್ನು ಕೇಳಿಸಿಕೊಂಡು, ಒರಳುಕಲ್ಲಿನ ಕಡೆ ನೋಡಿಕೊಂಡೇ ನಾನು ಬೆಳೆಯುತ್ತಿದ್ದೆ. ಎರಡನ್ನೂ ಜೋಡಿಸಿ ನೋಡುವುದು ನನಗೆ ಹೊಳೆದಿರಲಿಲ್ಲ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ಹೇಳಲಾರೆ.

ಆ ಮೇಲೆ ಅಜ್ಜಿ ಮಾತು ಕಡಿಮೆ ಮಾಡಿದಳು. ಒಂದೆರಡು ಸಂಜೆ, ಅತ್ತೆ ಉಣ್ಣುವ ಹೊತ್ತಿಗೆ ಎಲೆಅಡಿಕೆ ತಟ್ಟೆ ಹುಡುಕುವ ನೆಪದಲ್ಲಿ ಅಡುಗೆಮನೆಗೆ ಬಂದು, ಅವಳ ಬೆನ್ನು ನೋಡಿ ಹೋದದ್ದನ್ನು ನಾನು ಕಂಡೆ. ಎಲೆಅಡಿಕೆ ತಟ್ಟೆ ಅವಳ ಕಂಕುಳಲ್ಲೇ ಇರುತ್ತಿತ್ತು. ಹುಳ ಹಣ್ಣಾಗಿ ಗೂಡು ಕಟ್ಟಿ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ಹೊರಟಳು. ಹೋಗು ಎಂದು ಅಜ್ಜಿ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಡಬ್ಬಿಯನ್ನು ಮಾತ್ರ ತಾನೇ ಕಟ್ಟಿದಳು. ಅಪ್ಪ ತೋಟಕ್ಕೆ ಒಯ್ಯುವ ದೊಡ್ಡ ಡಬ್ಬಿ ಅದು.

“ಇಷ್ಟೊಂದ್ ಯಾಕವ್ವ?”

“ಸುತ್ತ ಕೂತ್ಕತಾರೆ ಅಂದ್ಯಲ್ಲ. ಆ ಮ್ಯಾಲಿಂದ ನೋಡೋನ್ಗೆ ಕೊಡಬ್ಯಾಡ.”

ಅವತ್ತು ಸಂಜೆ ವ್ಯಾನ್ ಬರುವುದಕ್ಕೆ ಮುಂಚಿನಿಂದಲೇ ಅಜ್ಜಿ ಜಗಲಿಯಲ್ಲಿದ್ದಳು. ಅತ್ತೆ ಬಂದಳು, ಬಟ್ಟೆಯ ದೂಳಿನಿಂದ ಕಣ್ಣು ಕೆಂಪಾಗಿತ್ತು, ಕೂದಲಲ್ಲಿ ದಾರದ ಚೂರು. ಅಜ್ಜಿ ಅವಳ ಮುಖ ನೋಡುವ ಮೊದಲು ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದು ಮೂಸಿದಳು. ಹುಬ್ಬು ಗಂಟಿಕ್ಕಿತು.

“ಇದು ನಮ್ಮನೆ ಎಸ್ರಲ್ಲ. ಯಾರ್ದು?”

“ಕನಕಪುರದ ಕಡೆಯೋಳು ಒಬ್ಳವ್ಳೆ, ದೊಡ್ಡಆಲಹಳ್ಳಿ ತೌರಂತೆ. ಹುರುಳಿ ಬಸ್ಸಾರು. ನಿಂಗೆ ತೋರ್ಸಾನ ಅಂತ ಒಸಿ ಉಳಿಸ್ಕಂಡ್ ಬಂದೆ.”

ಅಜ್ಜಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ತುಂಬಾ ಹೊತ್ತು ಬಾಯಾಡಿಸಿದಳು. ಉಪ್ಪು ಮುಂದು ಎಂದಳು. ಇನ್ನೊಮ್ಮೆ ಬೆರಳು ಅದ್ದಿದಳು. ಆಮೇಲೆ ಒಳಗೆ ಹೋಗಿ, ನಡುಮನೆಯಲ್ಲಿ, ಲೋಕೇಶ ಕೂತಿದ್ದ ಜಾಗದಲ್ಲಿ ಎರಡು ತಟ್ಟೆ ಇಟ್ಟಳು. ಸ್ವಲ್ಪ ಯೋಚಿಸಿ, ಅವ್ವನನ್ನು ಕೂಗಿ ಮೂರನೆಯದನ್ನೂ ಇಡಿಸಿದಳು. ಅತ್ತೆ ಕಾಲು ತೊಳೆದವಳು ಹೊಸ್ತಿಲ ಮೇಲೇ ನಿಂತುಬಿಟ್ಟಿದ್ದಳು. ಎದುರು ಮನೆಯಿಂದ ಕೆಂಪಮ್ಮನ ದನಿ ದಿನದ ಹಾಗೆ ಬಂತು.

“ಊಟ ಆಯ್ತಾ ತಾಯಮ್ಮಾ?”

ಅಜ್ಜಿ ಬಾಗಿಲ ಕಡೆ ತಿರುಗಿದಳು.

“ಇಲ್ಲ ಕಣವ್ವ, ಇನ್ನೂ ಆಗಿಲ್ಲ. ನಮ್ ಭಾಗ್ಯ ಈಗ ಬಂದವ್ಳೆ.”